ಎಡಗಡೆಯ ಕಚ್ಚು

ಬೆಳಿಗ್ಗೆ ಏಳೂಕಾಲಿಗೆ ಕೋಯಮತ್ತೂರಿನ ಸಿಂಗಾನಲ್ಲೂರು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಒಂದು ಬಿಳಿ ಕಾರು ಬಂದು ನಿಂತಿತು. ಅದರ ನೆತ್ತಿಯ ಮೇಲೆ ಹತ್ತಡಿ ಉದ್ದದ ಮರದ ಹಲಗೆಯೊಂದನ್ನು ಹಗ್ಗದಿಂದ ಬಿಗಿಯಲಾಗಿತ್ತು.

ಹಲಗೆ ಆ ಬೀದಿಯಲ್ಲೇ ಹುಟ್ಟಿದ್ದು. ಬೀದಿಯ ಕೊನೆಯ ಶೆಡ್ಡಿನಲ್ಲಿ ಶಣ್ಮುಗಂ ಮತ್ತು ಅವರ ಹೆಂಡತಿಯ ಅಣ್ಣ ಲೋಗನಾಥನ್ ಮೂವತ್ತು ವರ್ಷಗಳಿಂದ ಇಂಥವನ್ನು ಕೈಯಿಂದಲೇ ಮಾಡುತ್ತಾ ಬಂದಿದ್ದಾರೆ. ಹೆಬ್ಬೇವಿನ ಮರವನ್ನು ತೆಳ್ಳಗೆ ಸೀಳಿ, ಒಳಗೆ ಮೀನಿನ ಮುಳ್ಳಿನಂತೆ ಪಟ್ಟಿಗಳನ್ನು ಕೂರಿಸಿ, ಅಂಟು ಹಾಕಿ, ಕೀಸುಳಿಯಿಂದ ಬಾಗು ತಂದು, ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಸಮುದ್ರದ ಅಲೆಯ ಮೇಲೆ ನಿಂತು ಜಾರುವವರು ಇದಕ್ಕೆ ಲಾಂಗ್‌ಬೋರ್ಡ್ ಎನ್ನುತ್ತಾರೆ. ಇವರಿಬ್ಬರೂ ಹಲಗೆ ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ಸಮುದ್ರವನ್ನು ಕಂಡಿಲ್ಲ.

ಮೊದಲು ಇಬ್ಬರೂ ಮಗ್ಗದ ಬಡಗಿಗಳು. ನೇಕಾರರಿಗೆ ಲಾಳಿ ಮಾಡಿಕೊಡುತ್ತಿದ್ದರು. ಕೇರಳದ ವರ್ಕಲದ ಕಡಲ ತೀರದಲ್ಲಿ ಬಿಡಾರ ಹೂಡಿದ್ದ ಪಿಯೇರ್ ಎಂಬ ಫ್ರೆಂಚ್ ಯುವಕ ಲುಂಗಿ ಕೊಳ್ಳಲು ಈ ಕಡೆ ಬಂದವನು ಆ ಲಾಳಿಗಳನ್ನು ಸವರಿ ನೋಡಿ, ಇಷ್ಟು ನಯವಾಗಿ ತನಗೊಂದು ಅಲೆಯ ಹಲಗೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದ. ಶಣ್ಮುಗಂ ಸಾಧ್ಯ ಎಂದರು. ಅವರು ಯಾವುದಕ್ಕೂ ಸಾಧ್ಯವಿಲ್ಲ ಎಂದದ್ದು ಈ ವರದಿಗಾರನ ಗಮನಕ್ಕೆ ಬಂದಿಲ್ಲ. ಪಿಯೇರ್ ಆರು ಹಲಗೆಗೆ ಹೇಳಿ ಹೋಗಿ, ತನ್ನ ಸ್ವಂತ ಹಲಗೆಯನ್ನು ಸ್ಯಾಂಪಲ್ ಎಂದು ಬಸ್ಸಿನ ಮೇಲೆ ಹಾಕಿ ಕಳಿಸಿದ.

ಬಸ್ಸು ಪಾಲಕ್ಕಾಡು ದಾಟಿ ಕೋಯಮತ್ತೂರಿನ ಉಕ್ಕಡಂ ನಿಲ್ದಾಣ ತಲುಪಿತು. ಕೂಲಿಯಾಳು ಹಲಗೆಯನ್ನು ಮೇಲಿನಿಂದ ಜಾರಿಸಿದ. ಕೆಳಗೆ ಮೀನಿನ ಪೆಟ್ಟಿಗೆಗಳಿದ್ದವು. ಹಲಗೆಯ ಬಾಲದ ಎಡ ಅಂಚಿನಿಂದ ಮೂರು ಬೆರಳಗಲದ ಚೂರೊಂದು ಹಾರಿಹೋಗಿ ಅಲ್ಲೊಂದು ಕಚ್ಚು ಉಳಿಯಿತು. ಕೂಲಿಯಾಳು ಚೂರನ್ನು ಕಾಲಿನಿಂದ ಪೆಟ್ಟಿಗೆಗಳ ಕೆಳಗೆ ತಳ್ಳಿ ಕಂಡಕ್ಟರನ ಮುಖ ನೋಡಿದ. ಕಂಡಕ್ಟರ್ ಆಕಾಶ ನೋಡಿದ. ವಿಷಯ ಅಲ್ಲಿಗೆ ಮುಗಿಯಿತು.

ಕೋಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಸ್ಯಾಂಪಲ್ ಎಂದರೆ ಏನು ಎಂಬುದನ್ನು ಹೊರಗಿನವರಿಗೆ ಹೇಳಬೇಕಾಗುತ್ತದೆ. ಕೊಳ್ಳುವವನು ಕಳಿಸಿದ ಟೀ ಶರ್ಟಿನ ಕಾಲರ್ ಸೊಟ್ಟಗಿದ್ದರೆ ಇಲ್ಲಿಂದ ಹೋಗುವ ಲಾಟ್ ಪೂರ್ತಿ ಸೊಟ್ಟಗಿರುತ್ತದೆ. ಅವಿನಾಶಿ ಊರಿನ ಕಡೆಯ ಒಂದು ಕಂಪೆನಿ, ಸ್ಯಾಂಪಲ್ ಅಂಗಿಯ ಜೇಬಿನ ಮೇಲಿದ್ದ ಕಾಫಿ ಕಲೆಗೆ ಸರಿಯಾದ ಬಣ್ಣ ಹುಡುಕಿ ಎಲ್ಲ ಜೇಬುಗಳಿಗೂ ಪ್ರಿಂಟ್ ಹಾಕಿಸಿತು ಎಂದು ಹೇಳುತ್ತಾರೆ. ಇದು ಖಚಿತಪಟ್ಟಿಲ್ಲ. ಆದರೆ ಕೇಳಿದ ಯಾರೂ ಇಲ್ಲಿ ನಕ್ಕಿಲ್ಲ. ತಲೆ ಆಡಿಸಿ, ಬಣ್ಣ ಸರಿಹೊಂದಿತಾ ಎಂದು ಕೇಳುತ್ತಾರೆ.

ಹಾಗಾಗಿ ಶಣ್ಮುಗಂ ಆ ಕಚ್ಚನ್ನು ಕಂಡು, "ಇದು ಯಾಕೆ ಹಿಂಗೆ, ಮಚ್ಚಾನ್?" ಎಂದು ಭಾವನನ್ನು ಕೇಳಿದಾಗ ಲೋಗನಾಥನ್ ಕೊಟ್ಟ ಉತ್ತರ ಸೀಮೆಯ ಪದ್ಧತಿಗೆ ಅನುಗುಣವಾಗಿಯೇ ಇತ್ತು.

"ಸ್ಯಾಂಪಲಲ್ಲಿ ಇದೆ. ಮಾಡೋದು ನಮ್ಮ ಕೆಲ್ಸ. ಕೇಳೋದಲ್ಲ."

ಕಚ್ಚು ಕೆತ್ತುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡಲಿಲ್ಲ. ಸಣ್ಣ ಉಳಿ ಹಿಡಿದು, ಮುರಿದ ನಾರು ಹೇಗೆ ಎದ್ದಿತ್ತೋ ಹಾಗೆಯೇ ಗೆರೆ ಗೆರೆಯಾಗಿ ಎಬ್ಬಿಸುತ್ತಿದ್ದರು. ಹಲಗೆಯಲ್ಲಿ ಅತಿ ಕಷ್ಟದ ಕೆಲಸ ಅದೇ.

ಆರೂ ಹಲಗೆ ಸಿದ್ಧವಾಗುವ ಹೊತ್ತಿಗೆ ಪಿಯೇರ್ ತನ್ನ ದೇಶಕ್ಕೆ ಹೋಗಿಬಿಟ್ಟಿದ್ದ. ಅವನ ಪರಿಚಯದ ಅಂಗಡಿಯವನು ಅವನ್ನು ವರ್ಕಲದ ಒಂದು ಹೋಟೆಲಿಗೆ ಮಾರಿದ. ಹೋಟೆಲಿನವರು ಊಟದ ಹಾಲಿನ ಗೋಡೆಗೆ ತೂಗುಹಾಕಿದರು. ಕಚ್ಚು ಮೊಳೆಗೆ ಸರಿಯಾಗಿ ಕೂರುತ್ತಿತ್ತು. ಅದಕ್ಕೆಂದೇ ಮಾಡಿದ್ದಾರೆ, ಬುದ್ಧಿವಂತರು, ಎಂದುಕೊಂಡರು. ಪಕ್ಕದ ಹೋಟೆಲಿನವನೂ ತರಿಸಿದ, ಅದರ ಪಕ್ಕದವನೂ ತರಿಸಿದ. ಇತ್ತ ಸಿಂಗಾನಲ್ಲೂರಿನಲ್ಲಿ ಶಣ್ಮುಗಂ, ತಮ್ಮ ಹಲಗೆಗಳು ಹಗಲೂ ರಾತ್ರಿ ಅಲೆಗಳ ಮೇಲೆ ಓಡಾಡುತ್ತಿವೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದರು.

ಈಚೆಗೆ ಹೋಟೆಲುಗಳು ಪ್ಲಾಸ್ಟಿಕ್ಕಿಗೆ ಇಳಿದವು. ಎರಡು ವರ್ಷದಿಂದ ಆರ್ಡರ್ ಇರಲಿಲ್ಲ. ಶಣ್ಮುಗಂ ಅವರ ಮಗಳ ಗಂಡ ಇಳಂಗೋ ಹೊಲಿಗೆ ಯಂತ್ರ ಹಾಕಲು ಶೆಡ್ಡು ಕೇಳಿದ. ಶಣ್ಮುಗಂ ಅವರ ಹೆಂಡತಿ ಪಂಕಜಂ ಎರಡೂ ಕಡೆಯವರ ಮಾತು ಕೇಳಿ ತೀರ್ಪು ಕೊಟ್ಟರು. ತಮಿಳರ ಆಷಾಢವಾದ ಆಡಿ ತಿಂಗಳಲ್ಲಿ ಯಾರೂ ಹೊಸದೇನನ್ನೂ ಶುರು ಮಾಡುವುದಿಲ್ಲ. ಆಡಿ ಮುಗಿಯುವುದರೊಳಗೆ ಆರ್ಡರ್ ಬಂದರೆ ಶೆಡ್ಡು ಗಂಡನಿಗೆ, ಬರದಿದ್ದರೆ ಮುಂದಿನ ತಿಂಗಳು ಆವಣಿಯ ಮೊದಲ ಶುಭದಿನಕ್ಕೆ ಅಳಿಯನಿಗೆ.

ಬಿಳಿ ಕಾರು ಬಂದದ್ದು ಆಡಿ ಮುಗಿಯಲು ಹತ್ತು ದಿನ ಉಳಿದಿದ್ದಾಗ.

ಕಾರಿನಿಂದ ಇಳಿದವಳು ಶ್ರೀಜಾ, ವರ್ಕಲದಲ್ಲಿ ಅಲೆಸವಾರಿ ಕಲಿಸುವ ಶಾಲೆ ನಡೆಸುವ ಕೋಯಮತ್ತೂರಿನ ಹುಡುಗಿ. ಕಾರು ಓಡಿಸಿಕೊಂಡು ಬಂದವರು ಅವಳ ತಂದೆ ಅನಂತಪದ್ಮನಾಭ. ಸರ್ಕಾರಿ ಇಲಾಖೆಯೊಂದರಲ್ಲಿ ತಪಾಸಣಾಧಿಕಾರಿಯಾಗಿ ನಿವೃತ್ತರಾದವರು. ನಿವೃತ್ತಿಯ ವಿಷಯ ಅವರಿಗೆ ಇನ್ನೂ ಮನದಟ್ಟಾಗಿರಲಿಲ್ಲ.

ಶ್ರೀಜಾ ತಮಿಳಿನಲ್ಲಿ, ಶಣ್ಮುಗಂ ಎಂದರೆ ಯಾರು ಎಂದು ಕೇಳಿದಳು. ಒಳಗಿನಿಂದ ಪಂಕಜಂ ಕನ್ನಡದಲ್ಲಿ ಕೂಗಿದರು.

"ಏನುಂಗ! ಯಾರೋ ಹಲಗೆ ವಾಪಸ್ ತಂದವ್ರೆ. ನಾನು ಹೇಳ್ಲಿಲ್ವಾ?"

"ಅರೆ, ನೀವು ಕನ್ನಡದವ್ರಾ!" ಅನಂತಪದ್ಮನಾಭರ ಮುಖ ಅರಳಿತು.

"ಮನೇಲಿ ಕನ್ನಡಂಗ," ಎಂದರು ಶಣ್ಮುಗಂ. "ಬೈಗುಳ ಪೂರಾ ಕನ್ನಡದಲ್ಲೇ. ಬಾಕಿ ಎಲ್ಲ ತಮಿಳು. ಹಲಗೆಗೆ ಏನಾಯ್ತಮ್ಮಾ?"

"ಏನೂ ಆಗಿಲ್ಲ ಅಂಕಲ್. ಒಂದು ಹೋಟೆಲ್ ಮುಚ್ಚಿದ್ರು. ಇದು ಅವ್ರ ಗೋಡೆ ಮೇಲಿತ್ತು. ನಾನು ಕೇಳಿ ತಗೊಂಡೆ."

"ಗೋಡೆ ಮೇಲೆ ಯಾಕೆ ಇತ್ತು? ಒಣಗೋಕಾ?"

"ಶೋಗೆ ಅಂಕಲ್. ಅಲ್ಲಿ ಎಲ್ಲಾ ಹೋಟೆಲಲ್ಲೂ ಗೋಡೆ ಮೇಲೇ ಇರೋದು."

ಎದುರಿನ ಟೀ ಅಂಗಡಿಯ ಪೊನ್ನುಸಾಮಿ ಎರಡು ಗ್ಲಾಸು ಹಿಡಿದು ಬಂದಿದ್ದರು. ಗ್ಲಾಸುಗಳನ್ನು ಕೊಡಲು ಮರೆತರು. "ಏನಣ್ಣಾ, ಅಲೆ ಮೇಲೆ ಓಡ್ತಾ ಇದೆ ಅಂದ್ರಿ? ಮೂವತ್ತು ವರ್ಷ ಮೊಳೆ ಮೇಲೆ ನೇತಾಡ್ತಾ ಇತ್ತಾ?"

ಆಗ ಶ್ರೀಜಾ ಒಳ್ಳೆಯ ಉದ್ದೇಶದಿಂದ ಒಂದು ಮಾತು ಹೇಳಿದಳು. ಮುಂದಿನ ಎಲ್ಲ ಅನಾಹುತಕ್ಕೂ ಅದೇ ಮೂಲ.

"ಆದ್ರೆ ನಾನು ಇದನ್ನ ಅಲೆಗೆ ಹಾಕಿದೆ ಅಂಕಲ್. ನಾನು ನಿಂತಿರೋ ಹಲಗೆಗಳಲ್ಲೆಲ್ಲ ಇದೇ ಒಳ್ಳೇದು. ಹಂಗೇ ತೇಲ್ಕೊಂಡು ಹೋಗತ್ತೆ. ನನ್ನ ಶಾಲೆಗೆ ಇಂಥದ್ದು ಆರು ಬೇಕು. ಒಂದು ಮಾತ್ರ ಗೊತ್ತಾಗ್ಲಿಲ್ಲ." ಅವಳು ಬಾಲದ ಕಡೆ ಬಗ್ಗಿದಳು. "ಈ ಕಚ್ಚು ಯಾಕೆ?"

ಸ್ಯಾಂಪಲ್‌ನಲ್ಲಿ ಇತ್ತು ಎಂದಿದ್ದರೆ ಸಾಕಿತ್ತು. ಆದರೆ ಪೊನ್ನುಸಾಮಿ ನಿಂತಿದ್ದರು. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಪಂಕಜಂ ಬಾಗಿಲಿಗೆ ಬಂದಿದ್ದರು.

"ಅದಾ?" ಎಂದರು ಶಣ್ಮುಗಂ. "ಅದೇ ಅಮ್ಮಾ ಸೂಕ್ಷ್ಮ. ಎಡಗಡೆಯಿಂದ ಅಲೆ ಬಂತು ಅಂದ್ಕೋ. ಈ ಕಚ್ಚು ಆ ನೀರನ್ನ ಕುಡೀತದೆ. ಕುಡಿದು ಬಲಗಡೆಗೆ ಉಗೀತದೆ. ಹಲಗೆ ನೆಟ್ಟಗೆ ನಿಲ್ತದೆ."

"ಬಲಗಡೆಯಿಂದ ಬಂದ್ರೆ?"

"ಬರಲ್ಲ."

ಲೋಗನಾಥನ್ ಉಪ್ಪುಕಾಗದ ಕೆಳಗಿಟ್ಟರು. ಅನಂತಪದ್ಮನಾಭ ಜೇಬಿನಿಂದ ಪೆನ್ನು ತೆಗೆದರು.

"ಇದು ಪಾರಂಪರಿಕ ಜ್ಞಾನ," ಎಂದರು ಅವರು ಗಂಭೀರವಾಗಿ. "ದಾಖಲಾಗಬೇಕು. ಕರಕುಶಲ ಇಲಾಖೆಯಲ್ಲಿ ನನಗೆ ಗೊತ್ತಿರೋವ್ರು ಇದ್ದಾರೆ. ಒಂದು ಪ್ರಶ್ನೆ. ಇದನ್ನ ನೀರಲ್ಲಿ ಪರೀಕ್ಷೆ ಮಾಡಿದ್ದೀರಾ?"

"ಪರೀಕ್ಷೆ ಮಾಡದೆ?" ಶಣ್ಮುಗಂಗೆ ಈಗ ನಿಲ್ಲಲು ದಾರಿಯಿರಲಿಲ್ಲ. "ಒಂದೊಂದನ್ನೂ ಕೆರೆಗೆ ಹೊತ್ಕೊಂಡು ಹೋಗಿ, ನಾನೇ ಮೇಲೆ ನಿಂತು ನೋಡದೆ ಕಳಿಸಲ್ಲಂಗ."

ಶಣ್ಮುಗಂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದದ್ದನ್ನು ಬೀದಿಯಲ್ಲಿ ಯಾರೂ ನೋಡಿಲ್ಲ.

"ಹಾಗಾದ್ರೆ ಸುಲಭ," ಎಂದಳು ಶ್ರೀಜಾ ಸಂತೋಷದಿಂದ. "ಭಾನುವಾರ ಬೆಳಿಗ್ಗೆ ತೋರಿಸಿ ಅಂಕಲ್. ಹಲಗೆ ಇಲ್ಲೇ ಇರಲಿ. ಕಚ್ಚು ಹೆಂಗೆ ಕೆಲ್ಸ ಮಾಡತ್ತೆ ಅಂತ ನೋಡಿ, ಅಲ್ಲೇ ಆರಕ್ಕೂ ಆರ್ಡರ್ ಕೊಡ್ತೀನಿ."

ಕಾರು ತಿರುವು ದಾಟಿತು. ಪೊನ್ನುಸಾಮಿ ಆರಿದ ಟೀಯನ್ನು ಚೆಲ್ಲಿ, "ಭಾನುವಾರ ಎಷ್ಟು ಹೊತ್ತಿಗೆ ಅಣ್ಣಾ? ದಡದ ಮೇಲೆ ಒಂದು ಟೀ ಬಾಯ್ಲರ್ ಇಟ್ಕೋತೀನಿ," ಎಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಲೋಗನಾಥನ್ ಕೇಳಿದರು.

"ಕುಡೀತದಾ?"

"ಏನು?"

"ಕಚ್ಚು. ನೀರು ಕುಡೀತದಾ? ಕುಡಿದು ಉಗೀತದಾ?"

"ಏನೋ ಹೇಳ್ಬೇಕಲ್ಲಾ, ಮಚ್ಚಾನ್. ಆರ್ಡರ್ ಬಂತಲ್ಲಾ."

"ಆರ್ಡರ್ ಬಂದಿಲ್ಲ," ಎಂದರು ಪಂಕಜಂ, ಸಾರು ಬಡಿಸುತ್ತಾ. "ಭಾನುವಾರ ಬಂದಿದೆ. ನಿಮ್ಗೆ ಈಜು ಬರ್ತದಾ?"

ಶಣ್ಮುಗಂ ಅನ್ನ ಕಲಸಿದರು. ಪಂಕಜಂ ಸಾರಿನ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟರು.

ಗುರುವಾರ ಶ್ರೀಜಾ ಫೋನ್ ಮಾಡಿದಳು. ಅವಳ ವಿದ್ಯಾರ್ಥಿಗಳಲ್ಲಿ ಕೆಲವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ, ಕೆಲವರು ಬಲಗಾಲು. ಬಲಗಾಲಿನವರಿಗೆ ಕಚ್ಚು ಬಲಗಡೆ ಇರಬೇಕಲ್ಲವೇ ಎಂಬುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಶಣ್ಮುಗಂ, "ಅದನ್ನೇ ನಾನು ಹೇಳೋಣ ಅಂತಿದ್ದೆ," ಎಂದರು.

"ಬಲಗಡೆ ನಾನು ಕೆತ್ತಲ್ಲ," ಎಂದರು ಲೋಗನಾಥನ್.

"ಒಂದು ಕಚ್ಚು, ಮಚ್ಚಾನ್. ಎಡದ ಬದಲು ಬಲ."

"ಸ್ಯಾಂಪಲಲ್ಲಿ ಎಡ ಇದೆ. ಬಲಗಡೆ ಬೇಕು ಅಂದ್ರೆ ಬಲಗಡೆ ಇರೋ ಸ್ಯಾಂಪಲ್ ತರ್ಲಿ. ನಾಳೆ ನೀನು ನಡುವಲ್ಲೂ ಒಂದು ತೂತು ಹೊಡಿ ಅಂತೀಯ."

ಈ ವಾಗ್ವಾದ ನಡೆಯುತ್ತಿದ್ದಾಗ ಇಳಂಗೋ ಟೇಪು ಹಿಡಿದು ಬಂದ. ಮಾವನಿಗೆ ನಮಸ್ಕಾರ ಹೇಳಿ ಗೋಡೆಯ ಉದ್ದ ಅಳೆಯತೊಡಗಿದ. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಯಾರೂ ಇರಲಿಲ್ಲ. "ಮಾಮಾ, ಸ್ವಲ್ಪ ಹಿಡೀತೀರಾ?" ಎಂದ. ಶಣ್ಮುಗಂ ಅಭ್ಯಾಸಬಲದಿಂದ ಹಿಡಿದರು. ತಾವು ಏನು ಅಳೆಯಲು ಸಹಾಯ ಮಾಡುತ್ತಿದ್ದೇವೆ ಎಂಬುದು ಅವರಿಗೆ ಹೊಳೆದದ್ದು ಇಳಂಗೋ, "ಬಾಗಿಲ ಹತ್ರ ಇಸ್ತ್ರಿ ಟೇಬಲ್," ಎಂದಾಗ. ಟೇಪಿನ ತುದಿಯನ್ನು ಬಿಟ್ಟರು. ಅದು ಸರ್ರನೆ ಹೋಗಿ ಇಳಂಗೋನ ಬೆರಳಿಗೆ ಬಡಿಯಿತು.

"ಇವತ್ತು ಆಡಿ ಇನ್ನೂ ಇದೆ, ಮಾಪ್ಳೆ," ಎಂದರು ಶಣ್ಮುಗಂ ಅಳಿಯನಿಗೆ.

"ಇರ್ಲಿ ಮಾ‌ಮಾ. ಅಳತೆ ಆಡಿಯಲ್ಲಿ ತಗೋಬಹುದು. ಕೇಳಿಕೊಂಡೇ ಬಂದೆ."

ಭಾನುವಾರ ಬೆಳಿಗ್ಗೆ ಹಲಗೆ ಹೊರಟಿತು. ಮಗ್ಗದ ಬಡಗಿಗಳಲ್ಲಿ ಒಂದು ಪದ್ಧತಿಯಿದೆ. ಮುಗಿದ ಮರಗೆಲಸವನ್ನು ಬರಿಮೈಯಲ್ಲಿ ಬೀದಿಗೆ ತರುವುದಿಲ್ಲ, ಧೂಳು ಕೂರುತ್ತದೆ. ಲೋಗನಾಥನ್ ಹಲಗೆಯನ್ನು ಹೊಸ ಬಿಳಿ ಕೋರಾ ಬಟ್ಟೆಯಲ್ಲಿ ತಲೆಯಿಂದ ಬಾಲದವರೆಗೆ ಸುತ್ತಿ, ಮೂರು ಕಡೆ ಹಗ್ಗ ಕಟ್ಟಿದರು. ಅವರು ಮುಂದೆ, ಶಣ್ಮುಗಂ ಹಿಂದೆ ಹೆಗಲು ಕೊಟ್ಟರು. ನೀರಿಗಿಳಿಯಬೇಕಾದ್ದರಿಂದ ಶಣ್ಮುಗಂ ಅಂಗಿ ಹಾಕಿರಲಿಲ್ಲ. ಇಬ್ಬರ ಮುಖದಲ್ಲೂ ಗೆಲುವಿರಲಿಲ್ಲ. ಅವರ ಹಿಂದೆ ಅನಂತಪದ್ಮನಾಭ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ವರದಿಯ ಮೊದಲ ವಾಕ್ಯವನ್ನು ಯೋಚಿಸುತ್ತಾ ನಡೆದರು.

ಬೀದಿಗೆ ಇಷ್ಟು ಸಾಕಾಯಿತು.

ಮೊದಲು ಹಾಲಿನ ಪೊಟ್ಟಣ ಹಿಡಿದ ಹೆಂಗಸೊಬ್ಬರು ಪಕ್ಕಕ್ಕೆ ಸರಿದು ನಿಂತರು. ಒಬ್ಬ ಆಟೋ ಚಾಲಕ ಎಂಜಿನ್ ಆರಿಸಿ, ಚಪ್ಪಲಿ ಬಿಟ್ಟು, ಹಿಂದೆ ಸೇರಿಕೊಂಡ. ಹೂ ಮಾರುವ ತಂಗಮ್ಮ ಒಂದು ಬೊಗಸೆ ಸೇವಂತಿಗೆ ಎರಚಿದರು. ತಿರುವಿನಲ್ಲಿ ಇಬ್ಬರು ಅಪರಿಚಿತರು ಬಂದು, "ತುಂಬ ದೂರ ಹೊತ್ತಿದ್ದೀರಿ, ಬಿಡಿ," ಎಂದು ಲೋಗನಾಥನ್ ಹೆಗಲಿನಿಂದ ಭಾರ ತೆಗೆದುಕೊಳ್ಳಲು ನೋಡಿದರು. ಹಲಗೆಯ ವಿಷಯದಲ್ಲಿ ಯಾರನ್ನೂ ನಂಬದ ಲೋಗನಾಥನ್ ಬಿಡಲಿಲ್ಲ. ದುಃಖ ತುಂಬ ಇದೆ ಎಂದು ಅವರು ತಿಳಿದರು.

ಪಂಕಜಂಗೆ ಮೂರನೇ ಮನೆಯ ಗೋಕಿಲಾ ಫೋನ್ ಮಾಡಿದ್ದು ಆಗಲೇ.

"ಅಕ್ಕಾ, ಧೈರ್ಯವಾಗಿರಿ."

"ಯಾಕೆ?"

"ಮಾಮನ್ನ ಹೊತ್ಕೊಂಡು ಹೋಗ್ತಾ ಇದ್ದಾರೆ."

"ಯಾರು ಹೊತ್ಕೊಂಡು ಹೋಗ್ತಾ ಇರೋದು?"

"ಮುಂದೆ ಲೋಗನಾಥಣ್ಣ. ಹಿಂದೆ..." ಗೋಕಿಲಾ ಕಿಟಕಿಯಿಂದ ಇಣುಕಿರಬೇಕು. "ಹಿಂದೆ ಮಾಮನೇ ಇದ್ದಾರೆ ಅಕ್ಕಾ."

"ಅವ್ರನ್ನ ಅವ್ರೇ ಹೊತ್ಕೊಂಡು ಹೋಗ್ತಿದ್ದಾರಾ?"

"ಹಂಗೇ ಕಾಣ್ತದೆ."

"ಅವ್ರು ಮಾಡಿದ್ರೂ ಮಾಡ್ತಾರೆ," ಎಂದು ಪಂಕಜಂ ಒಲೆ ಆರಿಸಿ ಹೊರಟರು.

ಕೆರೆಯ ದಡ ತಲುಪುವ ಹೊತ್ತಿಗೆ ಮೆರವಣಿಗೆಯಲ್ಲಿ ಆಚೀಚೆ ಬೀದಿಗಳವರೂ ಇದ್ದರು. ಬಟ್ಟೆ ಬಿಚ್ಚಿ ಹಲಗೆ ಹೊರಬಂದಾಗ ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ಮೋಸವಾದಂತಾಯಿತು. ತಂಗಮ್ಮ ಹೂವಿನ ಬೆಲೆ ಕೇಳಿದರು. ಪೊನ್ನುಸಾಮಿಯ ಬಾಯ್ಲರ್ ಕುದಿಯುತ್ತಿತ್ತು. ಶ್ರೀಜಾ ಆಗಲೇ ಬಂದು ಕಾದಿದ್ದಳು.

ಕಾವಲುಗಾರ ಮಯಿಲ್‌ಸಾಮಿ ಲಾಠಿ ಅಡ್ಡ ಹಿಡಿದರು.

"ಸ್ನಾನ ಮಾಡಬಾರದು. ಬಟ್ಟೆ ಒಗೀಬಾರದು. ಮೀನು ಹಿಡೀಬಾರದು. ಗಣಪತಿ ಬಿಡಬಾರದು. ನೀವು ಏನು ಮಾಡ್ತೀರಿ?"

"ನಿಲ್ತೀನಿ," ಎಂದರು ಶಣ್ಮುಗಂ.

ಮಯಿಲ್‌ಸಾಮಿ ಹಿಂದಿನ ಫಲಕವನ್ನು ಮೇಲಿನಿಂದ ಕೆಳಗೆ ಓದಿದರು. "ನಿಲ್ಲೋದು ಬರೆದಿಲ್ಲ."

"ಬರೆದಿಲ್ಲ ಅಂದ್ರೆ ನಿಷೇಧ ಇಲ್ಲ," ಎಂದು ಅನಂತಪದ್ಮನಾಭ ಮುಂದೆ ಬಂದರು.

"ಬರೆದಿಲ್ಲ ಅಂದ್ರೆ ಅನುಮತಿನೂ ಇಲ್ಲ ಸಾರ್."

ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡರು. ಶಣ್ಮುಗಂ ಮಯಿಲ್‌ಸಾಮಿಯ ಮುಖವನ್ನು ಆಸೆಯಿಂದ ನೋಡಿದರು. ಆ ಕ್ಷಣದಲ್ಲಿ ಇಲ್ಲ ಎಂಬ ಒಂದು ಮಾತು ಬಂದಿದ್ದರೆ ಅವರ ಮಾನ, ಶೆಡ್ಡು ಎರಡೂ ಉಳಿಯುತ್ತಿದ್ದವು. ಆದರೆ ಅಧಿಕಾರಿಗಳು ಹೊಂದಾಣಿಕೆಗೆ ಬಂದರು. ಇದನ್ನು ತಪಾಸಣೆ ಎಂದು ಕರೆಯುವುದೆಂದು ತೀರ್ಮಾನವಾಯಿತು.

ಕೆರೆಯ ಬಗ್ಗೆ ಒಂದು ಮಾತು. ಆಡಿಯಲ್ಲಿ ನೀರು ಬಂದಿತ್ತು. ನೀರಿನ ಮೇಲೆ ಆಗಾಯತ್ತಾಮರೆ ಬಂದಿತ್ತು. ನೇರಳೆ ಹೂವಿನ ಈ ಕಳೆ ದಡದಿಂದ ದಡಕ್ಕೆ ಹಾಸಿಗೆಯಂತೆ ಹಬ್ಬುತ್ತದೆ. ಕೊಕ್ಕರೆಗಳು ಅದರ ಮೇಲೆ ನಡೆದಾಡುತ್ತವೆ.

ಶಣ್ಮುಗಂ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಅಂಚನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು. ಲೋಗನಾಥನ್ ಬಿದಿರಿನ ಗಳದಿಂದ ತಳ್ಳಿದರು. ಮೂವತ್ತು ವರ್ಷ ನಯಮಾಡಿದ ಕೈ ಮಾಡಿದ ಹಲಗೆ. ಅದು ಕಳೆಯ ಮೇಲೆ ಎಣ್ಣೆ ಹಚ್ಚಿದಂತೆ ಜಾರಿ, ಯಾರೂ ಎಣಿಸದಷ್ಟು ದೂರ ಹೋಗಿ, ಗಿಡಗಳ ಮಧ್ಯೆ ಗಟ್ಟಿಯಾಗಿ ಕೂತಿತು.

ಶಣ್ಮುಗಂ ಒಂದು ಕಣ್ಣು ತೆರೆದರು. ಹಲಗೆ ಅಲುಗಲಿಲ್ಲ. ಮೊಣಕಾಲೂರಿದರು. ಅಲುಗಲಿಲ್ಲ. ಎದ್ದು ನಿಂತರು. ಜಗಲಿಯ ಮೇಲೆ ನಿಂತಷ್ಟೇ ಸಲೀಸಾಗಿತ್ತು. ನಿಧಾನವಾಗಿ ಎರಡೂ ಕೈ ಚಾಚಿದರು.

ದಡದಲ್ಲಿ ಶಿಳ್ಳೆ ಎದ್ದಿತು. ಆಟೋ ಚಾಲಕ, "ಅಣ್ಣಾ, ಬೆಂಕಿ!" ಎಂದು ಕೂಗಿದ.

"ಸ್ಥಿರತೆ ಅತ್ಯುತ್ತಮ," ಎಂದು ಅನಂತಪದ್ಮನಾಭ ಗಟ್ಟಿಯಾಗಿ ಹೇಳಿದರು.

"ಅಪ್ಪಾ, ಅಲ್ಲಿ ನೀರೇ ಕಾಣ್ತಿಲ್ಲ," ಎಂದಳು ಶ್ರೀಜಾ. "ಅವ್ರು ಸೊಪ್ಪಿನ ಮೇಲೆ ನಿಂತಿದ್ದಾರೆ. ಅಂಕಲ್! ಕಚ್ಚು ನೀರು ಕುಡೀತಾ ಇದ್ಯಾ?"

"ಕುಡೀತಾ ಇದೆಯಮ್ಮಾ!" ಶಣ್ಮುಗಂ ಅಲ್ಲಿಂದ ಕೂಗಿದರು. "ಜೋರಾಗಿ ಕುಡೀತಾ ಇದೆ!"

ಶ್ರೀಜಾಳ ಫೋನು ಅಷ್ಟರಲ್ಲಿ ಬಡಿದುಕೊಂಡಿತು. ಕಚ್ಚಿನ ವಿದ್ಯೆ ಮೂಲದಲ್ಲಿ ಯಾರದು ಎಂದು ತಿಳಿಯಲು ಅವಳು ವರ್ಕಲದ ಹಳೆಯ ಅಂಗಡಿಯವನಿಂದ ಪಿಯೇರನ ನಂಬರು ಪಡೆದು, ಕಚ್ಚಿನ ಫೋಟೋ ಕಳಿಸಿದ್ದಳು. ಫ್ರಾನ್ಸಿನಲ್ಲಿ ಆಗಿನ್ನೂ ನಸುಕು. ಪಿಯೇರ್ ಈಗ ಬೇಕರಿ ನಡೆಸುತ್ತಾರೆ, ಬೇಕರಿಯವರು ಆ ಹೊತ್ತಿಗೆ ಎದ್ದಿರುತ್ತಾರೆ. ಪರದೆಯ ಮೇಲೆ ಹಿಟ್ಟು ಮೆತ್ತಿದ ಬಿಳಿ ಗಡ್ಡ ಕಾಣಿಸಿತು. ಅವಳು ಫೋನನ್ನು ಕೆರೆಯ ಕಡೆ ತಿರುಗಿಸಿದಳು. ಗಡ್ಡ, ಚೆನ್ನಾಗಿ ನಿಂತಿದ್ದಾರೆ ಎಂದಿತು. ಆಮೇಲೆ ಇಂಗ್ಲಿಷಿನಲ್ಲಿ ಇನ್ನೇನೋ ಕೇಳಿತು. ಶ್ರೀಜಾಳ ಮುಖ ಬದಲಾಯಿತು.

"ಏನಂತೆ?" ಎಂದರು ಲೋಗನಾಥನ್.

"ನನ್ನ ಹಲಗೇಲಿ ಕಚ್ಚು ಇರ್ಲಿಲ್ಲ, ಯಾರು ಮುರಿದದ್ದು ಅಂತ ಕೇಳ್ತಿದ್ದಾರೆ."

ಫೋನಿನಲ್ಲಿ ಪಿಯೇರ್, ಎಲ್ಲ ಹಲಗೆಯಲ್ಲೂ ಇದೆಯೇ ಎಂದು ಕೇಳಿದರು. ಎಲ್ಲದರಲ್ಲೂ ಇದೆ ಎಂದಳು. ಪಿಯೇರ್ ನಗತೊಡಗಿದರು. ಒಲೆಯಲ್ಲಿ ಬ್ರೆಡ್ಡು ಸೀಯುತ್ತಿದೆ ಎಂದು ಯಾರೋ ಫ್ರೆಂಚಿನಲ್ಲಿ ಕೂಗುವವರೆಗೆ ನಕ್ಕು, ಫೋನ್ ಇಟ್ಟರು.

ಲೋಗನಾಥನ್ ದಡದ ಕಲ್ಲಿನ ಮೇಲೆ ಕೂತರು.

"ಮುರಿದದ್ದಾ?" ಎಂದರು. "ಅಷ್ಟು ನಾರನ್ನೂ ನಾನು ಉಳೀಲಿ ಎಬ್ಬಿಸಿದ್ದು, ಮುರುಕನ್ನಾ?"

ಸುದ್ದಿ ಕಳೆಯ ಮೇಲೆ ನಿಂತಿದ್ದ ಶಣ್ಮುಗಂಗೂ ಕೇಳಿಸಿತ್ತು. ಇಂಥ ಹೊತ್ತಿನಲ್ಲಿ ಯಾವ ಮನುಷ್ಯನೂ ಅಲ್ಲಿಂದ ಹೊರಟುಹೋಗುತ್ತಾನೆ. ಶಣ್ಮುಗಂಗೆ ಆ ಸೌಲಭ್ಯ ಇರಲಿಲ್ಲ. ಊರೆಲ್ಲ ನೋಡುತ್ತಿದ್ದಂತೆ ನಿಂತೇ ಇರಬೇಕಾಯಿತು. ಚಾಚಿದ ಕೈಗಳನ್ನು ಮಾತ್ರ ಇಳಿಸಿದರು.

"ಮಚ್ಚಾನ್! ಕೇಳಬಾರದು ಅಂದದ್ದು ನೀನು ತಾನೇ!"

"ಕುಡಿದು ಉಗೀತದೆ ಅಂದದ್ದು ಯಾರೋ? ನಾನಾ?"

"ಮುರುಕು ಯಾವ್ದು, ಕೆಲ್ಸ ಯಾವ್ದು ಅಂತ ನಿಂಗೆ ಗೊತ್ತಾಗ್ಬೇಡ್ವಾ?"

"ನೀನು ಇಳಿದು ಬಾ, ಹೇಳ್ತೀನಿ!"

"ಇಳಿಯೋಕೆ ಆಗಲ್ಲ ಮಚ್ಚಾನ್! ಗಳ ಕೊಡು!"

ಗಳ ತಲುಪಲಿಲ್ಲ. ಹಲಗೆಯನ್ನು ಎಳೆಯಲು ಹಗ್ಗ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಚೆ ಬದಿಯಿಂದ ಮೀನುಗಾರನೊಬ್ಬ ಪರಿಸಲು ತಂದ. ಅದು ಬುಟ್ಟಿಯಂಥ ದುಂಡು ದೋಣಿ. ಅಷ್ಟರಲ್ಲಿ ಪಂಕಜಂ ಜನರನ್ನು ಸರಿಸಿಕೊಂಡು ಮುಂದೆ ಬಂದಿದ್ದರು. ಮೀನುಗಾರ ಅವರನ್ನು ಕೇಳಿದ.

"ಕರ್ಕೊಂಡು ಬರ್ಲಾ ಅಕ್ಕಾ?"

"ಸ್ವಲ್ಪ ಹೊತ್ತು ಇರ್ಲಿ," ಎಂದರು ಪಂಕಜಂ.

ಕಡೆಗೂ ಶಣ್ಮುಗಂ ಪರಿಸಲಿನಲ್ಲಿ ದಡಕ್ಕೆ ಬಂದರು, ಹಲಗೆ ಅದರ ಹಿಂದೆ ಬಂತು. ಶ್ರೀಜಾ ಕಾದಿದ್ದಳು.

"ಅಂಕಲ್, ನೀವು ಒಂದು ಸಲಾನೂ ನೀರಿಗಿಳಿದಿಲ್ಲ, ಅಲ್ವಾ?"

"ಇಲ್ಲಮ್ಮಾ."

"ಮತ್ತೆ ಆ ಕತೆ ಯಾಕೆ? ಬಲಗಡೆ ಕಚ್ಚು ಬೇರೆ! ನಾನು ನನ್ನ ಶಾಲೆ ಮಕ್ಕಳಿಗೆಲ್ಲ ಪಾಠ ಮಾಡ್ಬಿಟ್ಟೆ. ಎಡಗಡೆಯಿಂದ ಅಲೆ ಬಂದ್ರೆ ಅಂತ ಚಿತ್ರ ಬರೆದು ತೋರಿಸಿದೆ." ಅವಳು ಹೊರಡಲು ತಿರುಗಿದಳು. "ಸಾರಿ. ನಾನು ಆರ್ಡರ್ ಕೊಡಲ್ಲ."

ಇಳಂಗೋ ಜನರ ನಡುವೆಯೇ ಇದ್ದ. ಜೇಬಿನಿಂದ ಫೋನು ತೆಗೆದು ಯಾರಿಗೋ, ಲಾರಿ ಯಾವತ್ತು ಸಿಗುತ್ತದೆ ಎಂದು ಕೇಳಲು ಪಕ್ಕಕ್ಕೆ ಹೋದ.

ಶಣ್ಮುಗಂ ಕೋರಾ ಬಟ್ಟೆ ಹುಡುಕಿ ತಂದು ಹಲಗೆ ಒರೆಸತೊಡಗಿದರು. ಲೋಗನಾಥನ್ ಎದ್ದು ಬಂದು ಇನ್ನೊಂದು ತುದಿಯಿಂದ ಒರೆಸಿದರು.

"ನಿಲ್ಲು ತಾಯಿ," ಎಂದರು ಪಂಕಜಂ. ಶ್ರೀಜಾ ನಿಂತಳು.

"ಇವ್ರು ಹೇಳಿದ್ದು ಸುಳ್ಳು. ಕಚ್ಚು ಸುಳ್ಳು. ನಮ್ಮಣ್ಣ ಅರಸನ ಥರ ಕೂತು ಅದನ್ನ ಕೆತ್ತಿದ್ದು ಬರೀ ದಂಡ. ಒಪ್ಕೊಂಡೆ. ಇಬ್ರನ್ನೂ ಕಟ್ಕೊಂಡು ಮೂವತ್ತು ವರ್ಷ ಒದ್ದಾಡಿರೋಳು ನಾನು, ನಿಂಗೆ ಒಂದು ವಾರಕ್ಕೇ ಸಾಕಾಯ್ತು. ಆದ್ರೆ ಈ ಹಲಗೆ ಮೇಲೆ ನೀನು ಸಮುದ್ರದಲ್ಲಿ ನಿಂತೆ ಅಂದ್ಯಲ್ಲಾ, ಅದು ಸುಳ್ಳಾ?"

"ಇಲ್ಲ ಆಂಟಿ."

"ತೇಲ್ಕೊಂಡು ಹೋಯ್ತು ಅಂದದ್ದು?"

"ನಿಜ."

"ಮತ್ತೆ?"

ಶ್ರೀಜಾ ಹಲಗೆಯನ್ನು ನೋಡಿದಳು. ತಂದೆಯನ್ನು ನೋಡಿದಳು. ಅನಂತಪದ್ಮನಾಭ ವರದಿಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಕಚ್ಚಿಲ್ಲದೆ ಒಂದು ಮಾಡಿಕೊಡಿ," ಎಂದಳು ಕೊನೆಗೆ. "ಸ್ಯಾಂಪಲ್. ನೋಡಿ ಹೇಳ್ತೀನಿ."

"ಕಚ್ಚಿಲ್ಲದ ಸ್ಯಾಂಪಲ್ ಎಲ್ಲಿದೆ?" ಎಂದರು ಲೋಗನಾಥನ್.

"ಅಣ್ಣಾ," ಎಂದರು ಪಂಕಜಂ. ಲೋಗನಾಥನ್ ಮತ್ತೆ ಒರೆಸತೊಡಗಿದರು.

ಮನೆಗೆ ಬಂದ ಮೇಲೆ ಕಾನೂನಿನ ಪ್ರಶ್ನೆ ಎದ್ದಿತು. ಎತ್ತಿದವನು ಇಳಂಗೋ. ಅವನು ತಿರುಪ್ಪೂರಿನಲ್ಲಿ ಕೆಲಸ ಕಲಿತವನು. ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಸ್ಯಾಂಪಲ್ ಬೇರೆ, ಆರ್ಡರ್ ಬೇರೆ. ನೂರು ಸ್ಯಾಂಪಲ್ ಕಳಿಸಿ ಒಂದೂ ಆರ್ಡರ್ ಬಾರದೆ ಮುಚ್ಚಿದ ಕಂಪೆನಿಗಳಿವೆ. ಅತ್ತೆ ಹೇಳಿದ್ದು ಆರ್ಡರ್ ಎಂದು.

"ಹುಡುಗಿ ಕೇಳಿದ್ದಾಳಲ್ಲಾ," ಎಂದರು ಶಣ್ಮುಗಂ.

"ಕೇಳಿದ್ದು ಸ್ಯಾಂಪಲ್, ಮಾಮಾ."

"ಸ್ಯಾಂಪಲ್ ಅಂದ್ರೆ ಆರ್ಡರಿನ ತಲೆ. ತಲೆ ಬಂದ ಮೇಲೆ ಮೈ ಬರಲ್ವಾ?"

"ದೊಡ್ಡ ಮಾಮಾ, ನೀವೇ ಹೇಳಿ," ಎಂದ ಇಳಂಗೋ ಲೋಗನಾಥನ್ ಕಡೆ ತಿರುಗಿ. ಅವನಿಗೆ ಆ ಉತ್ತರ ಗೊತ್ತಿತ್ತು.

"ಸ್ಯಾಂಪಲ್ ಆರ್ಡರ್ ಅಲ್ಲ," ಎಂದರು ಲೋಗನಾಥನ್. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

"ನಿನ್ನಂಥ ಮಚ್ಚಾನ್ ಇದ್ರೆ ಮುಗೀತು!" ಎಂದು ಶಣ್ಮುಗಂ ಟವೆಲನ್ನು ನೆಲಕ್ಕೆ ಬಡಿದರು.

ಎಲ್ಲರೂ ಪಂಕಜಂ ಕಡೆ ನೋಡಿದರು. ಪಂಕಜಂ, ತಮಗೆ ತಲೆ ನೋಯುತ್ತಿದೆ, ಎಲ್ಲರೂ ಎದ್ದು ಆಚೆ ಹೋಗಬೇಕು ಎಂದು ಮಾತ್ರ ಹೇಳಿದರು.

ಮರುದಿನ ಶೆಡ್ಡಿನಲ್ಲಿ ಕೀಸುಳಿಯ ಸದ್ದು ಶುರುವಾಯಿತು. ಉಳಿದದ್ದು ಕೆಲವೇ ದಿನ ಎಂದು ಇಬ್ಬರಿಗೂ ಗೊತ್ತಿತ್ತು. ಮರ ಸೀಳಿದರು, ಪಟ್ಟಿ ಕೂರಿಸಿದರು, ಅಂಟು ಹಾಕಿದರು. ಬಾಲದ ಎಡ ಅಂಚಿಗೆ ಬಂದಾಗ ಲೋಗನಾಥನ್ ಕೈ ತಾನಾಗಿ ಸಣ್ಣ ಉಳಿಯ ಕಡೆ ಹೋಗುತ್ತಿತ್ತು. ಶಣ್ಮುಗಂ ಉಳಿಯನ್ನು ಅಟ್ಟದ ಮೇಲಿಟ್ಟರು. ಸಂಜೆ ನೋಡಿದರೆ ಲೋಗನಾಥನ್ ಏಣಿ ಹುಡುಕುತ್ತಿದ್ದರು. ಕಚ್ಚಿಲ್ಲದ ಹಲಗೆ ಅವರ ಕಣ್ಣಿಗೆ ಮುಗಿದಂತೆ ಕಾಣುತ್ತಿರಲಿಲ್ಲ.

"ಕೈ ಕಟ್ಕೊಂಡು ನಿಂತ್ಕೋ ಮಚ್ಚಾನ್," ಎಂದರು ಶಣ್ಮುಗಂ. "ಅಷ್ಟೇ ಕೆಲ್ಸ ಇರೋದು ಅಲ್ಲಿ."

"ಏನೂ ಮಾಡದೆ ನಿಲ್ಲೋದು ಕಷ್ಟ ಕಣೋ."

ಆಡಿ ಮುಗಿಯಿತು. ಶ್ರೀಜಾಳಿಂದ ಫೋನ್ ಬಂದಿರಲಿಲ್ಲ, ಹಲಗೆಯ ಅಂಟೂ ಒಣಗಿರಲಿಲ್ಲ.

ಆವಣಿಯ ಮೊದಲ ಶುಭದಿನ ಇಳಂಗೋನ ಹೊಲಿಗೆ ಯಂತ್ರಗಳು ಮಿನಿ ಲಾರಿಯಲ್ಲಿ ಬಂದವು. ಪಂಕಜಂ ಅವನ್ನು ಶೆಡ್ಡಿನ ಬದಲು ಮನೆಯ ಹಜಾರದಲ್ಲಿ ಇಳಿಸಲು ಹೇಳಿ, ತಮ್ಮ ಮಂಚವನ್ನು ಅಡುಗೆಮನೆಗೆ ಹಾಕಿಸಿಕೊಂಡರು.